ಮಕ್ಕಳ ಜಗಳ ಬಿಡಿಸುವಾಗ ಮೊದಲೇ ‘ಸಾರಿ’ ಹೇಳಿಸಬೇಡಿ
ಕೋಪ ಇಳಿಯದೆ ಹೇಳಿಸಿದ ಸಾರಿ ಬರೀ ಬಾಯಿಮಾತು. ಕಿತ್ತಾಡಿದ ಮಕ್ಕಳನ್ನು 5–10 ನಿಮಿಷ ಬೇರೆಬೇರೆ ಕೂರಿಸಿ, ನೀರು ಕೊಡಿ. ಆಮೇಲೆ ಒಂದು ಚೆಂಡು ಇಟ್ಟುಕೊಳ್ಳಿ: ಅದು ಯಾರ ಕೈಯಲ್ಲಿದೆಯೋ ಅವರದೇ ಮಾತು, ಒಂದು ನಿಮಿಷ. ಕೇಳಿಸಿಕೊಂಡ ಮಗು ತನ್ನ ವಾದ ಶುರುಮಾಡುವ ಮುಂಚೆ, ಕೇಳಿದ್ದನ್ನು ತಿರುಗಿ ಹೇಳಬೇಕು: “ನಾನು ನಿನ್ನ ಮಾತಿನ ಧಾಟಿ ಅಣಕಿಸಿದ್ದಕ್ಕೆ ನಿನಗೆ ಬೇಜಾರಾಯ್ತು, ಅಲ್ವಾ?” ಎದುರಿನ ಮಗು “ಹೌದು” ಅನ್ನೋವರೆಗೂ ಮುಂದಕ್ಕೆ ಹೋಗಬೇಡಿ. ಇಡೀ ಕೆಲಸದ ಜೀವಾಳ ಇದೇ.

ನಾಲ್ಕೈದು ವರ್ಷದವರಿಗೆ ಇಷ್ಟೆಲ್ಲ ಆಗದು, “ಅವಳ ಮುಖ ನೋಡು, ಹೇಗಾಗಿದೆ?” ಅಂತ ಕೇಳಿದರೆ ಸಾಕು.

ಪರಿಹಾರ ಮಕ್ಕಳೇ ಹೇಳಲಿ. ದೊಡ್ಡವರೇ ತೀರ್ಪು ಕೊಟ್ಟರೆ ದೂರು ತರುವುದನ್ನಷ್ಟೇ ಕಲಿಯುತ್ತಾರೆ. ಆದರೆ ಬಣ್ಣ, ಧರ್ಮ, ಭಾಷೆ ಹಿಡಿದು ಒಬ್ಬರನ್ನೇ ಪದೇ ಪದೇ ಕಾಡುತ್ತಿದ್ದರೆ ಅದು ಕಿರುಕುಳ. ಆಗ ಎದುರುಬದುರು ಕೂರಿಸಲೇಬೇಡಿ, ಮೊದಲು ನೊಂದ ಮಗುವಿನ ಜೊತೆ ನಿಲ್ಲಿ.