ಸಂಸತ್ತಿಗೆ ಅರ್ಜಿ ಸಲ್ಲಿಸುವುದು ಹೇಗೆ?

ಕಾನೂನೊಂದು ಬದಲಾಗಬೇಕು ಅಥವಾ ಹೊಸ ನಿಯಮ ಬರಬೇಕು ಎಂದು ಬಯಸುವ ನಾಗರಿಕರು ತಮ್ಮ ಕೋರಿಕೆಯನ್ನು ಸಂಸತ್ತಿನ ಮುಂದೆ ಇಡಲು ಹಲವು ದೇಶಗಳಲ್ಲಿ ಅವಕಾಶವಿದೆ. ಜರ್ಮನಿಯಲ್ಲಂತೂ ಸಂವಿಧಾನದ 17ನೇ ವಿಧಿಯೇ ಈ ಹಕ್ಕನ್ನು ನೀಡಿದ್ದು, ಒಬ್ಬರೇ ಸಹಿ ಮಾಡಿದ ಅರ್ಜಿಗೂ ಅಲ್ಲಿ ಬೆಲೆಯಿದೆ.

ವಿಷಯವು ಸಂಸತ್ತಿನ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಭಾರತದ ಲೋಕಸಭೆಯ ನಿಯಮಗಳ ಪ್ರಕಾರ, ನ್ಯಾಯಾಲಯದ ಮುಂದಿರುವ ವಿಷಯ, ರಾಜ್ಯದ ಶಾಸನಸಭೆಯಲ್ಲಿ ಎತ್ತಬೇಕಾದ ವಿಷಯ ಮತ್ತು ಕಾನೂನಿನಲ್ಲಿ ಈಗಾಗಲೇ ಬೇರೆ ಪರಿಹಾರವಿರುವ ವಿಷಯಗಳ ಬಗ್ಗೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಸಲ್ಲಿಸುವಂತಿಲ್ಲ. ಅದೇ ಬೇಡಿಕೆಯ ಅರ್ಜಿ ಮೊದಲೇ ಸಲ್ಲಿಕೆಯಾಗಿದೆಯೇ ಎಂದೂ ನೋಡಬೇಕು. ಬ್ರಿಟನ್ನಿನಲ್ಲಿ ಇಂಥ ಪುನರಾವರ್ತನೆಯನ್ನು ಒಪ್ಪುವುದಿಲ್ಲ.

ಮುಂದಿನದು ಕೋರಿಕೆಯ ವಾಕ್ಯ. ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. 'ಔಷಧ ಕಂಪನಿಗಳ ಅನ್ಯಾಯವನ್ನು ತಡೆಯಬೇಕು' ಎಂದು ಬರೆದರೆ ಅರ್ಜಿಯನ್ನು ಪರಿಶೀಲಿಸುವ ಸಂಸದೀಯ ಸಮಿತಿಯು ಏನು ಮಾಡಬೇಕೆಂಬುದೇ ತಿಳಿಯುವುದಿಲ್ಲ. ಅದರ ಬದಲು, 'ಮಾತ್ರೆಗಳ ಪಟ್ಟಿಯನ್ನು ಕತ್ತರಿಸಿ ಮಾರಿದಾಗಲೂ ಕಾಣುವಂತೆ, ಪ್ರತಿ ಮಾತ್ರೆಯ ಹಿಂಬದಿಯಲ್ಲೂ ಅವಧಿ ಮುಗಿಯುವ ದಿನಾಂಕವನ್ನು ಮುದ್ರಿಸುವುದು ಕಡ್ಡಾಯವಾಗುವಂತೆ ನಿಯಮಕ್ಕೆ ತಿದ್ದುಪಡಿ ತರಬೇಕು' ಎಂದು ಬರೆದರೆ, ಯಾವ ಸಚಿವಾಲಯವನ್ನು ವಿಚಾರಿಸಬೇಕು, ಯಾವ ನಿಯಮವನ್ನು ತೆರೆದು ನೋಡಬೇಕು ಎಂಬುದು ಓದಿದ ಕೂಡಲೇ ಸ್ಪಷ್ಟವಾಗುತ್ತದೆ. ಕೋಪವೆಷ್ಟೇ ನ್ಯಾಯವಾಗಿದ್ದರೂ ಅದನ್ನು ಅರ್ಜಿಯ ಹೊರಗಿಡುವುದು ಲೇಸು. ಲೋಕಸಭೆಯ ನಿಯಮಗಳೇ ಗೌರವಯುತವಾದ, ಸಂಯಮದ ಭಾಷೆಯನ್ನು ಕೇಳುತ್ತವೆ. ಆಸ್ಟ್ರೇಲಿಯಾದ ಕೆಳಮನೆಗೆ ಸಲ್ಲಿಸುವ ಅರ್ಜಿಯ ಒಕ್ಕಣೆಯಂತೂ 250 ಪದಗಳನ್ನು ಮೀರುವಂತಿಲ್ಲ.

ನಮೂನೆಯ ವಿಚಾರದಲ್ಲಿ ಪ್ರತಿ ಸಂಸತ್ತಿಗೂ ಅದರದೇ ಕಟ್ಟಳೆಗಳಿವೆ. ಲೋಕಸಭೆಗೆ ಸಲ್ಲಿಸುವ ಅರ್ಜಿಯು ಸದನವನ್ನು ಉದ್ದೇಶಿಸಿರಬೇಕು, ಸಹಿ ಮಾಡುವವರ ಪೂರ್ಣ ಹೆಸರು ಹಾಗೂ ವಿಳಾಸವಿರಬೇಕು, ಕೊನೆಯಲ್ಲಿ ನಿಖರವಾದ ಕೋರಿಕೆಯಿರಬೇಕು. ಸಹಿ ಹಾಕಲು ಬಾರದವರು ಹೆಬ್ಬೆಟ್ಟು ಒತ್ತಬಹುದು. ಪತ್ರ, ಪ್ರಮಾಣಪತ್ರಗಳನ್ನು ಲಗತ್ತಿಸುವಂತಿಲ್ಲವಾದ್ದರಿಂದ, ಹೇಳಬೇಕಾದ ಅಂಶಗಳೆಲ್ಲ ಅರ್ಜಿಯೊಳಗೇ ಬರಬೇಕು.

ಸಹಿಗಳ ಸಂಖ್ಯೆಗೆ ಎಲ್ಲೆಡೆ ಒಂದೇ ತೂಕವಿಲ್ಲ. ಬ್ರಿಟನ್ನಿನ ಆನ್‌ಲೈನ್ ಅರ್ಜಿಯು 10,000 ಸಹಿ ದಾಟಿದರೆ ಸರ್ಕಾರ ಉತ್ತರಿಸುತ್ತದೆ, 1 ಲಕ್ಷ ತಲುಪಿದರೆ ಚರ್ಚೆಗೆ ಪರಿಗಣಿಸಲಾಗುತ್ತದೆ. ಕೆನಡಾದಲ್ಲಿ ಕಾಗದದ ಅರ್ಜಿಗೆ 25 ಸಹಿ ಸಾಕು, ಆನ್‌ಲೈನ್ ಅರ್ಜಿಗೆ 500 ಬೇಕು; ಆದರೆ ಎರಡಕ್ಕೂ ಸಂಸದರೊಬ್ಬರ ಬೆಂಬಲ ಅಗತ್ಯ. ಹೀಗಾಗಿ, ಸಹಿ ಸಂಗ್ರಹಕ್ಕೆ ಮನೆಮನೆ ಅಲೆಯುವ ಮೊದಲು ಆ ವಿಷಯದಲ್ಲಿ ಆಸಕ್ತಿಯಿರುವ ಸಂಸದರೊಬ್ಬರನ್ನು ಕಂಡು ಮಾತನಾಡುವುದು ಜಾಣತನ.

ಸಲ್ಲಿಸಿದ ಅರ್ಜಿಯು ಭಾರತದಲ್ಲಿ ಅರ್ಜಿಗಳ ಸಮಿತಿಯ ಮುಂದೆ ಹೋಗುತ್ತದೆ. ಸಮಿತಿಯು ಸಂಬಂಧಪಟ್ಟ ಸಚಿವಾಲಯದಿಂದ ವಿವರಣೆ ಕೇಳಬಹುದು, ಸಾಕ್ಷ್ಯ ಪಡೆಯಬಹುದು, ಬಳಿಕ ಸದನಕ್ಕೆ ವರದಿ ನೀಡಬಹುದು. ಕೆನಡಾದಲ್ಲಿ, ಸದನದಲ್ಲಿ ಮಂಡನೆಯಾದ ಅರ್ಜಿಗೆ ಸರ್ಕಾರವು 45 ದಿನಗಳೊಳಗೆ ಉತ್ತರಿಸಬೇಕು. ಚುನಾವಣೆ ಹತ್ತಿರವಿದ್ದರೆ ಮಾತ್ರ ತುಸು ಕಾಯುವುದು ಒಳ್ಳೆಯದು: ಬ್ರಿಟನ್ನಿನಲ್ಲಿ ಸಂಸತ್ತು ವಿಸರ್ಜನೆಯಾದರೆ ತೆರೆದಿದ್ದ ಆನ್‌ಲೈನ್ ಅರ್ಜಿಗಳೆಲ್ಲ ಅಲ್ಲಿಗೇ ಮುಚ್ಚಿಹೋಗುತ್ತವೆ, ಅದುವರೆಗೆ ಕೂಡಿಸಿದ ಸಹಿಗಳು ಹೊಸ ಅರ್ಜಿಯ ಲೆಕ್ಕಕ್ಕೆ ಬರುವುದಿಲ್ಲ.