ಕುಕ್ಕರ್ ವಿಷಲ್ ನಡುವೆ ಒಂದು ದಾಸವಾಳ

ಶಾಲೆಯಲ್ಲಿ ಕ್ರಾಫ್ಟ್ ಪೀರಿಯಡ್ ಅಂತ ಒಂದಿತ್ತು. ಮ್ಯಾಟಿ ಬಟ್ಟೆ ಮೇಲೆ ಎರಡು ಗಿಳಿ ಹಾಕಿಸಿದ್ದರು. ಆಗ ಯಾರ ಮನೆಗೆ ಹೋದರೂ ಗೋಡೆ ಮೇಲೆ ಅದೇ ಗಿಳಿ, ಕೆಳಗೆ ‘ಸುಸ್ವಾಗತ’. ನನ್ನ ಒಂದು ಗಿಳಿಗೆ ಕಣ್ಣು ಹಾಕುವಷ್ಟರಲ್ಲಿ ವರ್ಷವೇ ಮುಗಿದುಹೋಯಿತು. ಆಮೇಲೆ ಸೂಜಿ ಹಿಡಿದಿದ್ದು ಬ್ಲೌಸ್‌ಗೆ ಹುಕ್ ಹಾಕೋಕೆ ಮಾತ್ರ. ಮತ್ತೆ ಕ್ರಾಸ್ ಸ್ಟಿಚ್, ಅಂದರೆ ಚೌಕ ಎಣಿಸಿ ಗುಣಾಕಾರ ಚಿಹ್ನೆಯಂಥ ಹೊಲಿಗೆಯಿಂದ ಚಿತ್ರ ತುಂಬುವುದು, ಶುರು ಮಾಡಿದ್ದು ಮೂರು ವರ್ಷದ ಹಿಂದೆ. ಮೊದಲೆರಡು ರೆಡಿ ಕಿಟ್‌ಗಳು. ಒಂದು ಯಾವುದೋ ಹಿಮದ ಊರಿನ ಮನೆ, ಇನ್ನೊಂದು ಟೀ ಕಪ್ಪು. ಎರಡೂ ಈಗ ಬೀರುವಿನಲ್ಲಿವೆ. ಬೆಂಗಳೂರಿನ ಹನುಮಂತನಗರದಲ್ಲಿ ಕೂತು ಹಿಮದ ಮನೆ ಹೊಲಿದು ಏನು ಮಾಡೋದು, ಹೇಳಿ?

ಮೂರನೆಯದು ನಮ್ಮ ತಾರಸಿಯ ದಾಸವಾಳವೇ ಆಗಬೇಕು ಅಂತ ಹಠ ಹಿಡಿದೆ. ಕುಂಡದಲ್ಲಿರುವ ಹಳೇ ಕೆಂಪು ದಾಸವಾಳ, ಐದೆಸಳಿನದು. ಫೋಟೋ ಹಾಕಿದರೆ ಚಾರ್ಟ್ (ಯಾವ ಚೌಕಕ್ಕೆ ಯಾವ ಬಣ್ಣ ಅನ್ನೋ ನಕ್ಷೆ) ಮಾಡಿಕೊಡುವ ಆ್ಯಪ್‌ಗಳಿವೆ, ಪ್ರಯತ್ನಪಟ್ಟೆ. ಒಂದೇ ಹೂವಿಗೆ ನಲವತ್ತು ಬಣ್ಣ ತೋರಿಸಿತು. ಅಷ್ಟು ದಾರ ತಂದರೆ ತಿಂಗಳ ತರಕಾರಿ ದುಡ್ಡು ಅದಕ್ಕೇ ಆಗುತ್ತೆ. ಬಿಟ್ಟು, ಮಗನ ಗ್ರಾಫ್ ಹಾಳೆ ನಾಲ್ಕು ಅಂಟಿಸಿ, ನಾಲ್ಕು ಸಣ್ಣ ಚೌಕ ಸೇರಿಸಿ ಒಂದು ಹೊಲಿಗೆ ಅಂತ ಲೆಕ್ಕ ಹಾಕಿ, ಪೆನ್ಸಿಲ್‌ನಲ್ಲಿ ನಾನೇ ಬರೆದೆ. ಅಡ್ಡಕ್ಕೆ 84, ಉದ್ದಕ್ಕೆ 112. ಕೊನೆಗೆ ಎಂಟೇ ಬಣ್ಣ. ಚೆನ್ನಾಗೇ ಬಂತು.

ಬಟ್ಟೆ ಲೆಕ್ಕ ಸುಲಭ. ಇದಕ್ಕೆ ಬಳಸುವ ಚೌಕದ ಬಟ್ಟೆಗೆ ಐಡಾ ಅಂತ ಹೆಸರು. 14 ಕೌಂಟ್ ಐಡಾ ಅಂದರೆ ಒಂದು ಇಂಚಿಗೆ 14 ಚೌಕ. 84ನ್ನು 14ರಿಂದ ಭಾಗಿಸಿದರೆ 6 ಇಂಚು, 112ಕ್ಕೆ 8 ಇಂಚು. ನಾಲ್ಕೂ ಕಡೆ ಮೂರ್ಮೂರು ಇಂಚು ಬಿಡಬೇಕು, ಅಂದರೆ 12ಕ್ಕೆ 14 ಇಂಚಿನ ತುಂಡು. ಈ ಮೂರಿಂಚಿನಲ್ಲಿ ಜಿಪುಣತನ ಮಾಡಬೇಡಿ. ಟೀ ಕಪ್ಪಿಗೆ ನಾನು ಮಾಡಿದ್ದೆ, ಫ್ರೇಮ್ ಹಾಕೋಕೆ ಮಡಚಲು ಬಟ್ಟೆಯೇ ಇರಲಿಲ್ಲ.

ದಾರಕ್ಕೆ ನ್ಯಾಷನಲ್ ಕಾಲೇಜು ಹತ್ತಿರ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆ, ಎರಡೇ ಸ್ಟಾಪ್. ಮನೆಯಿಂದ ಒಂದು ದಾಸವಾಳ ಕಿತ್ತು ಸ್ಟೀಲ್ ಡಬ್ಬಿಯಲ್ಲಿಟ್ಟು ತಂದಿದ್ದೆ. ಅಂಗಡಿಯವರು ಡಬ್ಬಿ ನೋಡಿ, “ಏನಮ್ಮಾ, ದೇವಸ್ಥಾನಕ್ಕೆ ಹೊರಟಿದ್ರಾ?” ಅಂದರು. ಹೂವಿನ ಪಕ್ಕ ದಾರದ ಲಡಿ ಇಟ್ಟು ನೋಡಿದಾಗಲೇ ಗೊತ್ತಾಗಿದ್ದು, ಕೆಂಪು ಅಂತ ನಾವು ಹೇಳೋದು ಒಂದು ಬಣ್ಣ ಅಲ್ಲ. ಎಸಳಿನ ಅಂಚು ಒಂದು ಕೆಂಪು, ಮಡಿಕೆ ಬಿದ್ದ ಕಡೆ ಇನ್ನೊಂದು. ನಡುವಿನ ಗಂಟಲಿನ ಹತ್ತಿರ ಬೀಟ್‌ರೂಟ್ ಹೆಚ್ಚಿದ ಬೆರಳಿನ ಬಣ್ಣ. ಡಿಎಂಸಿ ಕಂಪನಿಯ ದಾರದಲ್ಲಿ 321, 498, 815 ನಂಬರಿನ ಕೆಂಪುಗಳನ್ನು ತೆಗೆದುಕೊಂಡೆ. ನಂಬರ್ ಇರುವ ದಾರ ತೆಗೆದುಕೊಂಡರೆ ಮಧ್ಯದಲ್ಲಿ ಮುಗಿದರೂ ಅದೇ ಬಣ್ಣ ಸಿಗುತ್ತೆ. ಲಡಿಯಲ್ಲಿ 8 ಮೀಟರ್, ಒಂದು ದಾರದಲ್ಲಿ ಆರು ಎಳೆ, 14 ಕೌಂಟಿಗೆ ಎರಡೇ ಎಳೆ ಸಾಕು. ಆರನ್ನೂ ಒಟ್ಟಿಗೆ ಎಳೆಯಬೇಡಿ, ಒಂದೊಂದೇ ಎಳೆ ಬಿಡಿಸಿ ಜೋಡಿಸಿ. ಸೂಜಿ ಮೊಂಡು ತುದಿಯದು, 24ನೇ ನಂಬರ್.

ಹೊಲಿಗೆ ಶುರು ಮಾಡುವಾಗ ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ನಾನು ಮಾಡೋದು ಹೀಗೆ. ಒಂದು ಗಜ ಉದ್ದದ ಒಂದೇ ಎಳೆಯನ್ನು ಮಧ್ಯಕ್ಕೆ ಮಡಚಿ, ಎರಡು ತುದಿಯನ್ನು ಸೂಜಿಗೆ ಪೋಣಿಸುತ್ತೇನೆ. ಬಾಲದಲ್ಲಿ ಕುಣಿಕೆ ಉಳಿಯುತ್ತೆ. ಹಿಂದಿನಿಂದ ಸೂಜಿ ಮೇಲೆ ತಂದು, ಪೂರ್ತಿ ಎಳೆಯದೆ, ಓರೆಯಾಗಿ ಕೆಳಗಿಳಿಸಿ ಹಿಂದಿರುವ ಕುಣಿಕೆಯೊಳಗೆ ತೂರಿಸಿ ಎಳೆದರೆ ತಾನಾಗಿ ಬಿಗಿಯುತ್ತೆ. ಹಿಂಬದಿ ಅಚ್ಚುಕಟ್ಟು. ಇದನ್ನು ಕಲಿತ ದಿನ ಸುಮ್ನೆ ಹತ್ತು ಸಲ ಮಾಡಿ ಬಿಚ್ಚಿದೆ, ಅಷ್ಟು ಖುಷಿ.

ಹೊಲಿಯೋಕೆ ಟೈಮ್ ಎಲ್ಲಿ ಸಿಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಸಿಗಲ್ಲ. ತಿಂಡಿ ಮುಗಿದು, ಕಾವೇರಿ ನೀರು ಬರುವ ದಿನವಾದರೆ ಸಂಪ್ ತುಂಬಿ ಮೋಟರ್ ಹಾಕಿ, ಕುಂಡಗಳಿಗೆ ನೀರು ಹಾಕಿ ಬರುವಷ್ಟರಲ್ಲಿ ಹತ್ತು. ಅಲ್ಲಿಂದ ಅಡುಗೆಗೆ ಏಳುವವರೆಗೆ ಮುಕ್ಕಾಲು ಗಂಟೆ, ಕಿಟಕಿ ಪಕ್ಕ. ಕೆಂಪುಗಳನ್ನೆಲ್ಲ ಆ ಬೆಳಕಿನಲ್ಲೇ ಹಾಕಿದೆ, ಯಾಕೆಂದರೆ ರಾತ್ರಿ ಟ್ಯೂಬ್‌ಲೈಟಿನಲ್ಲಿ 498 ಯಾವುದು, 815 ಯಾವುದು ಅಂತ ನನ್ನ ಕಣ್ಣಿಗೆ ತಿಳಿಯಲ್ಲ. ಎಲೆಗಳ ಹಸಿರು ರಾತ್ರಿ ಪಾಳಿಗೆ.

ಇನ್ನೊಂದು ಕಷ್ಟ ಇತ್ತು. ದಾಸವಾಳ ಬೆಳಿಗ್ಗೆ ಅರಳಿದರೆ ಸಂಜೆಗೆ ಮುದುಡಿಹೋಗುತ್ತೆ. ಬಣ್ಣ ನೋಡಿಕೊಳ್ಳೋಕೆ ದಿನಾ ಹೊಸ ಹೂ ಬೇಕು. ಆದರೆ ನಮ್ಮತ್ತೆ ಆರೂವರೆಗೇ ಬುಟ್ಟಿ ಹಿಡಿದು ತಾರಸಿಯಲ್ಲಿರುತ್ತಾರೆ. ನಾನು ಏಳುವಷ್ಟರಲ್ಲಿ ಹೂವೆಲ್ಲ ಗಣಪತಿ ಮುಡಿಯಲ್ಲಿ. ಒಂದು ವಾರ ದೇವರ ಮನೆ ಬಾಗಿಲಲ್ಲೇ ಕೂತು ಹೊಲಿದೆ. ಕೊನೆಗೆ ಅವರೇ ಕನಿಕರಪಟ್ಟು, “ದೇವರಿಗೊಂದು, ನಿನಗೊಂದು, ತಗೋ” ಅಂತ ಲೋಟದ ನೀರಿನಲ್ಲಿ ಒಂದು ಹೂ ಇಟ್ಟು ಹೋಗಲು ಶುರು ಮಾಡಿದರು.

ಅತ್ತೆ ಧಾರವಾಡದವರು. ಮೊದಲ ದಿನ ನನ್ನ ಬಟ್ಟೆ ಎತ್ತಿ ನೋಡಿ, ಹಿಂದೆ ತಿರುಗಿಸಿ ನೋಡಿ (ಹಿಂದೆ ನೋಡೋದೇ ಮೊದಲು!) ಹೇಳಿದ್ದು, “ಇದು ನಮ್ಮ ಮೆಂತಿ ಅಲ್ಲೇನ? ಇದಕ್ಯಾಕ ಅಷ್ಟ ದೊಡ್ಡ ಇಂಗ್ಲಿಷ್ ಹೆಸರು?” ನಿಜ. ಅವರ ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ, ಅದರಲ್ಲಿ ಮೆಂತಿ ಅನ್ನೋದು ಇದೇ ಅಡ್ಡ ಹೊಲಿಗೆ, ಮೆಂತ್ಯದ ಕಾಳಿನ ಹಾಗೆ ತುಂಬಿಕೊಂಡು ಕಾಣುವುದು. ಆದರೆ ಅವರಿಗೆ ಐಡಾದ ಹಾಗೆ ಚೌಕ ಮಾಡಿಕೊಟ್ಟ ಬಟ್ಟೆಯೇ ಇರಲಿಲ್ಲ. ಇಳಕಲ್ ಸೀರೆ ಮೇಲೆ ಗೆರೆ ಎಳೆಯದೆ, ನೂಲು ಎಣಿಸಿ ಎಣಿಸಿ ಹಾಕುತ್ತಿದ್ದರು. ನಾನು ಇಂಚಿಗೆ ಹದಿನಾಲ್ಕು ತೂತು ಕಣ್ಣಿಗೆ ಕಾಣುವ ಬಟ್ಟೆಯಲ್ಲೂ ಎಣಿಕೆ ತಪ್ಪುತ್ತೇನೆ.

ತಪ್ಪಿದ್ದೂ ಹೀಗೇ. ಮಧ್ಯದ ಎಸಳು ಹಾಕುತ್ತಿದ್ದೆ. ಹದಿನಾರು, ಹದಿನೇಳು, ಅಷ್ಟರಲ್ಲಿ ಕುಕ್ಕರ್ ಎರಡನೇ ವಿಷಲ್, ಹದಿನೆಂಟು, ಕೆಳಗೆ “ಸೊಪ್ಪೂ...”, ಮೂರನೇ ವಿಷಲ್, ಎದ್ದು ಗ್ಯಾಸ್ ಆರಿಸಿ, ದಂಟಿನ ಸೊಪ್ಪು ಎರಡು ಕಟ್ಟು ಚೌಕಾಸಿ ಮಾಡಿ ಬಂದು ಕೂತು ಹತ್ತೊಂಬತ್ತರಿಂದ ಮುಂದುವರಿಸಿದೆ. ಹದಿನೆಂಟು ಹಾಕಿರಲೇ ಇಲ್ಲ. ಗೊತ್ತಾಗಿದ್ದು ಮೂರು ದಿನ ಆದ ಮೇಲೆ, ಎಸಳಿನ ತುದಿ ಪಕ್ಕದ ಎಸಳಿಗೆ ಕೂಡದೆ ಒಂದು ಚೌಕ ಬಿಳಿಯಾಗಿ ನಿಂತಾಗ. ಎಲೆಯಲ್ಲಾಗಿದ್ದರೆ ಬಿಟ್ಟುಬಿಡುತ್ತಿದ್ದೆ, ಎಲೆ ಒಂದು ಚೌಕ ಆಚೆ ಈಚೆ ಇದ್ದರೆ ಯಾರೂ ಕೇಳಲ್ಲ. ಹೂವಿನದು ಕಾಣುತ್ತೆ. ಅಷ್ಟನ್ನೂ ಬಿಚ್ಚಿದೆ. ಬಿಚ್ಚಿದ ದಾರ ಜುಂಗಾಗಿರುತ್ತೆ, ಮತ್ತೆ ಬಳಸಬಾರದು. ಆಮೇಲೆ ಬುದ್ಧಿ ಬಂದು ಹತ್ತು ಹತ್ತು ಚೌಕಕ್ಕೆ ಒಂದು ಬಣ್ಣದ ದಾರವನ್ನು ಉದ್ದಕ್ಕೂ ಅಡ್ಡಕ್ಕೂ ಸಡಿಲವಾಗಿ ಓಡಿಸಿದೆ. ಈಗ ಹತ್ತರ ಮೇಲೆ ಎಣಿಸುವ ಕೆಲಸವೇ ಇಲ್ಲ. ಯಾರೇ ಬೆಲ್ ಮಾಡಲಿ, ಆ ಸಾಲು ಮುಗಿಸಿಯೇ ಏಳೋದು. ಸೊಪ್ಪಿನಮ್ಮ ಕಾಯುತ್ತಾರೆ.

ಈ ಮಧ್ಯೆ ಗಿಡಕ್ಕೆ ಹಿಟ್ಟು ತಿಗಣೆ ಬಂತು. ಮೊಗ್ಗಿನ ಬುಡದಲ್ಲೆಲ್ಲ ಬಿಳಿ ಹತ್ತಿ ಅಂಟಿಸಿದ ಹಾಗೆ. ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ಸೋಪು, ಸಂಜೆ ಹೊತ್ತು ವಾರಕ್ಕೊಂದು ಸಲ ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿದೆ. ಗಿಡ ಸರಿಹೋಯಿತು. ಎಣ್ಣೆ ಕೈ ಬಟ್ಟೆಗೆ ತಾಗಬಾರದು ಅಂತ ಎರಡೆರಡು ಸಲ ಕೈ ತೊಳೆದೆ. ಇಷ್ಟು ಹುಷಾರಾಗಿದ್ದವಳು ಮರುದಿನ ಒಗ್ಗರಣೆ ಹಾಕಿದ ಕೈಯಲ್ಲಿ ಬಟ್ಟೆ ಎತ್ತಿಟ್ಟೆ! ಎಲೆ ಪಕ್ಕದ ಖಾಲಿ ಜಾಗದಲ್ಲಿ ಹೆಬ್ಬೆರಳ ಗುರುತು, ಅಚ್ಚ ಅರಿಶಿನ.

ಗಾಬರಿಯಲ್ಲಿ ಸೋಪು ಹಚ್ಚಿದೆ. ಹಳದಿ ಹೋಗಲಿಲ್ಲ, ಕೆಂಪಾಯಿತು. ಒಂದು ಕ್ಷಣ ದಾಸವಾಳವೇ ಬಣ್ಣ ಬಿಟ್ಟಿತು ಅಂದುಕೊಂಡು ಎದೆ ಧಸಕ್ ಅಂದಿತು. ಆಮೇಲೆ ಹೊಳೆಯಿತು, ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗಲ್ವಾ, ಇದೂ ಅದೇ. ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತೆ. ತಣ್ಣೀರಿನಲ್ಲಿ ಚೆನ್ನಾಗಿ ತೊಳೆದಾಗ ಮತ್ತೆ ಹಳದಿಗೆ ಬಂತು. ಅರಿಶಿನಕ್ಕೆ ಬಿಸಿಲೇ ಮದ್ದು. ಆದರೆ ಬಿಸಿಲು ದಾರದ ಬಣ್ಣವನ್ನೂ ತಿನ್ನುತ್ತಲ್ಲ. ಅದಕ್ಕೆ ಒಂದು ಹಳೇ ಕಪ್ಪು ಬಟ್ಟೆಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ತೂತು ಕತ್ತರಿಸಿ, ಕಲೆ ಮಾತ್ರ ಕಾಣುವ ಹಾಗೆ ಮೇಲೆ ಹೊದಿಸಿ, ಪಿನ್ ಮಾಡಿ ತಾರಸಿಯಲ್ಲಿ ಇಟ್ಟೆ. ಎರಡು ಮಧ್ಯಾಹ್ನ. ಗುರುತೂ ಇಲ್ಲ. ಕಾಗೆ ಬರದಂತೆ ಕಾವಲು ಕೂತಿದ್ದು ಮಗ, ಕೂಲಿ ಒಂದು ಐಸ್‌ಕ್ರೀಮ್.

ಪೂರ್ತಿ ಮುಗಿಯೋಕೆ ಐದು ತಿಂಗಳು. ಇಸ್ತ್ರಿ ಮಾಡುವಾಗ ಟರ್ಕಿ ಟವೆಲ್ ಹಾಸಿ, ಹೊಲಿಗೆ ಕೆಳಮುಖ ಮಾಡಿ ಹಿಂದಿನಿಂದ ಒತ್ತಬೇಕು, ಇಲ್ಲದಿದ್ದರೆ ಹೊಲಿಗೆ ಚಪ್ಪಟೆಯಾಗುತ್ತೆ. ಫ್ರೇಮ್ ಅಂಗಡಿಯಲ್ಲಿ ಗಮ್ ಹಚ್ಚಿ ಹಲಗೆಗೆ ಅಂಟಿಸುತ್ತೇನೆ ಅಂದರು. ಬೇಡ ಅಂದು ಮನೆಗೆ ತಂದು, ಮೌಂಟ್ ಬೋರ್ಡಿಗೆ ಸುತ್ತಿ ಹಿಂದೆ ಗಟ್ಟಿ ದಾರದಲ್ಲಿ ಹಗ್ಗದ ಮಂಚ ಹೆಣೆದ ಹಾಗೆ ಎಳೆದು ಕಟ್ಟಿ, ಫ್ರೇಮ್ ಮಾತ್ರ ಅವರ ಹತ್ತಿರ ಹಾಕಿಸಿದೆ. ಗಮ್ ಮುಂದೆ ಹಳದಿಯಾಗುತ್ತೆ, ಒಗೆಯೋಕೂ ಆಗಲ್ಲ.

ಈಗ ಊಟದ ಮೇಜಿನ ಎದುರು ಗೋಡೆಗೆ ಹಾಕಿದ್ದೇನೆ, ಬಿಸಿಲು ಬೀಳದ ಕಡೆ. ಮೊನ್ನೆ ಉಳಿದ ಐಡಾ ತುಂಡನ್ನು ಮಡಚಿ ಇಡುತ್ತಿದ್ದೆ. ಅತ್ತೆ ಕೈ ಚಾಚಿದರು. ಅದರ ಮೇಲೆ ಕಸೂತಿಯ ಗೋಪುರ ಹಾಕುತ್ತಾರಂತೆ. “ಗ್ರಾಫ್ ಹಾಳೆ ಬೇಕಾ ಅತ್ತೆ?” ಅಂದೆ. ಕನ್ನಡಕದ ಮೇಲಿನಿಂದ ಒಂದು ಸಲ ನೋಡಿದರು. “ಹಾಳಿ ಯಾಕ? ಕೆಂಪ ದಾರ ಉಳದದೇನ ಅದನ್ನ ಹೇಳು.”