ಸಮುದ್ರದ ಸೈಟಿಗೆ ಸೂಪರ್‌ವೈಸರ್ ಆಗಿ ಹೋಗುವವರಿಗೆ

ಕಟ್ಟಡದ ಸೈಟಿನಲ್ಲಿ ಇವತ್ತು ಮಾಡಿದ ಕೆಲಸ ನಾಳೆಯೂ ಕಣ್ಣಿಗೆ ಕಾಣುತ್ತದೆ. ಸಮುದ್ರದ ಸೈಟಿನಲ್ಲಿ ಹಾಗಿಲ್ಲ. ಪೈಲ್, ಅಂದರೆ ಮೇಲಿನ ಭಾರ ಹೊರುವ ಆಳದ ಕಂಬ, ನೆಲದೊಳಗೆ ಹೋಗುತ್ತದೆ. ಅಲೆ ತಡೆಯುವ ಕಲ್ಲಿನ ಒಡ್ಡು, ಅಂದರೆ ಬ್ರೇಕ್‌ವಾಟರಿನ ಬುಡ ನೀರಿನ ಕೆಳಗೆ ಹೋಗುತ್ತದೆ. ಆಮೇಲೆ ಅದನ್ನು ಯಾರೂ ನೋಡುವುದಿಲ್ಲ. ಕೆಲಸ ನಡೆಯುವ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ನೋಡಿದವರು, ಅಳೆದವರು, ಬರೆದಿಟ್ಟವರು ಇದ್ದರೆ ಮಾತ್ರ ಅದು ಸರಿಯಾಗಿದೆ ಅಂತ ಹೇಳಬಹುದು. ಸೂಪರ್‌ವೈಸರ್ ಅಂದರೆ ಆ ಸಾಕ್ಷಿ.

ನಾನು ಅಂಕೋಲೆ ಕಡೆಯವನು. ಡಿಪ್ಲೊಮಾ ಮುಗಿಸಿ ಪೈಲಿಂಗ್ ಸೈಟಿಗೆ ಸೇರಿದೆ. ಆಮೇಲೆ ಜೆಟ್ಟಿ, ಬ್ರೇಕ್‌ವಾಟರ್, ಹೊಳೆಬಾಯಿಯ ಸೇತುವೆ ಅಂತ ಊರೂರು ತಿರುಗಿದೆ. ಸ್ವಲ್ಪ ಕಾಲ ಗುಜರಾತಿನಲ್ಲಿ, ಸ್ವಲ್ಪ ಕಾಲ ಗಲ್ಫಿನಲ್ಲೂ ಇದ್ದೆ. ಈ ಕೆಲಸಕ್ಕೆ ಬರಬೇಕು ಅಂತ ಹುಡುಗರು, ಈಗೀಗ ಹುಡುಗಿಯರೂ, ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಓದು ಏನು ಬೇಕು? ಸಿವಿಲ್ ಡಿಪ್ಲೊಮಾ ಅಥವಾ ಬಿ.ಇ. ಸಾಕು. ಮುಂದೆ ಓದುವ ಆಸೆ ಇದ್ದರೆ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಮರೈನ್ ಸ್ಟ್ರಕ್ಚರ್ಸ್ ಎಂ.ಟೆಕ್ ಇದೆ. ಐಐಟಿ ಮದ್ರಾಸಿನಲ್ಲಿ ಓಷನ್ ಎಂಜಿನಿಯರಿಂಗ್ ವಿಭಾಗವೇ ಇದೆ. ಡಿಸೈನ್ ಕಡೆಗೆ ಹೋಗುವವರಿಗೆ ಅದು ಬೇಕು. ಸೈಟ್ ನಡೆಸುವವರಿಗೆ ಅದಕ್ಕಿಂತ ಮೊದಲು ಬೇಕಾದದ್ದು ಲೆವೆಲ್ ಹಿಡಿಯಲು (ಎತ್ತರ ಅಳೆಯಲು) ಬರುವುದು, ಡ್ರಾಯಿಂಗ್ ಓದಲು ಬರುವುದು, ಈಜಲು ಬರುವುದು, ಕೆಲಸಕ್ಕೆ ಸಾಕಾಗುವಷ್ಟು ಹಿಂದಿ. ನೆಲ ಕೊರೆಯುವ ರಿಗ್ಗಿನ ಆಪರೇಟರ್, ವೆಲ್ಡರ್, ಕಬ್ಬಿಣ ಕಟ್ಟುವವರು ಜಾಸ್ತಿ ಜನ ಬಿಹಾರ, ಜಾರ್ಖಂಡ್, ಒಡಿಶಾ, ಬಂಗಾಳದವರು. ರಾತ್ರಿ ಎರಡು ಗಂಟೆಗೆ ಬಾರ್ಜಿನ (ಚಪ್ಪಟೆ ತಳದ ತೇಲುವ ವೇದಿಕೆ) ಮೇಲೆ ಅವರ ಜೊತೆ ಮಾತಾಡಲು ಬರದಿದ್ದರೆ ಸೂಪರ್‌ವಿಷನ್ ಅನ್ನುವುದು ಸುಮ್ನೆ ಹೆಸರಿಗೆ.

ಮೊದಲ ಪಾಠ: ನೀರಿನ ವೇಳೆ

ಸೇರಿದ ದಿನವೇ ಉಬ್ಬರವಿಳಿತದ ಪಟ್ಟಿ ಕೇಳಿ ತೆಗೆದುಕೊಳ್ಳಿ. ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಇದನ್ನು ಪ್ರಕಟಿಸುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿ ಹತ್ತಿರ ವ್ಯತ್ಯಾಸ ಕಡಿಮೆ. ಒಂದೇ ದಿನದ ಎರಡು ಇಳಿತ ಒಂದೇ ಮಟ್ಟಕ್ಕೆ ಬರುವುದೂ ಇಲ್ಲ. ಒಂದು ಚೆನ್ನಾಗಿ ಇಳಿಯುತ್ತದೆ, ಇನ್ನೊಂದು ಅರೆಬರೆ. ಪೈಲ್ ಕ್ಯಾಪಿನ (ಪೈಲ್‌ಗಳ ತಲೆಯನ್ನು ಒಟ್ಟಿಗೆ ಸೇರಿಸುವ ಕಾಂಕ್ರೀಟ್) ತಳದ ಶಟರಿಂಗ್ ಕಟ್ಟಲು ನಿಮಗೆ ಸಿಗುವುದು ಆ ಚೆನ್ನಾಗಿ ಇಳಿಯುವ ಹೊತ್ತಿನ ಎರಡು ಮೂರು ಗಂಟೆ. ಅದು ಬೆಳಗಿನ ಜಾವ ಬಂದರೆ ನಿಮ್ಮ ಶಿಫ್ಟೂ ಬೆಳಗಿನ ಜಾವವೇ.

ಕಾರವಾರದಲ್ಲಿ ದೊಡ್ಡ ಉಬ್ಬರದ ದಿನ ನೀರಿನ ಏರಿಳಿತ ಹೆಚ್ಚುಕಡಿಮೆ 2 ಮೀಟರ್. ಗುಜರಾತಿನ ಭಾವನಗರದಲ್ಲಿ ಅದು 10 ಮೀಟರಿಗೂ ಮೇಲೆ. ಅಲ್ಲಿ ಮಧ್ಯಾಹ್ನ ತೇಲುತ್ತಿದ್ದ ಬಾರ್ಜ್ ಸಂಜೆಗೆ ಕೆಸರಿನ ಮೇಲೆ ಕೂತಿರುತ್ತದೆ. ಹಾಗಾಗಿ ಒಂದು ಊರಿನ ಅಂದಾಜನ್ನು ಇನ್ನೊಂದು ಊರಿಗೆ ಒಯ್ಯಬೇಡಿ.

ಇದಕ್ಕೆ ಸೇರಿದ ಇನ್ನೊಂದು ವಿಷಯ ಡೇಟಮ್, ಅಂದರೆ ಎತ್ತರ ಅಳೆಯಲು ಸೊನ್ನೆ ಅಂತ ಹಿಡಿಯುವ ಮಟ್ಟ. ಪಟ್ಟಿಯಲ್ಲಿರುವ ಅಂಕಿ ಚಾರ್ಟ್ ಡೇಟಮ್‌ನಿಂದ, ಅಂದರೆ ನೀರು ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ ಅನ್ನುವ ಮಟ್ಟದಿಂದ, ಅಳೆದದ್ದು. ಡ್ರಾಯಿಂಗಿನ ಲೆವೆಲ್ ಕೆಲವೊಮ್ಮೆ ಸಮುದ್ರದ ಸರಾಸರಿ ಮಟ್ಟದಿಂದ ಅಳೆದದ್ದಿರುತ್ತದೆ. ನಮ್ಮ ಕಡೆ ಇವೆರಡರ ನಡುವೆ ಸುಮಾರು ಒಂದು ಮೀಟರ್ ವ್ಯತ್ಯಾಸ. ಯಾವ ಡ್ರಾಯಿಂಗ್ ಯಾವ ಡೇಟಮ್‌ನಲ್ಲಿದೆ ಅಂತ ಮೊದಲ ವಾರವೇ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಸೈಟ್ ಆಫೀಸಿನ ಗೋಡೆಗೆ ಅದನ್ನು ದೊಡ್ಡ ಅಕ್ಷರದಲ್ಲಿ ಅಂಟಿಸಿ.

ವರ್ಷದ ಲೆಕ್ಕವೂ ಬೇರೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ತೆರೆದ ಸಮುದ್ರದಲ್ಲಿ ನಮ್ಮ ಕೆಲಸಕ್ಕೂ ಆ ಕಾಲ ಆಗುವುದಿಲ್ಲ. ಅಕ್ಟೋಬರಿನಿಂದ ಮೇ ತಿಂಗಳ ನಡುವೆ ಏನು ಆಯಿತೋ ಅಷ್ಟೇ. ಆ ಕೊನೆಯ ಮೇ ತಿಂಗಳನ್ನೂ ಪೂರ್ತಿ ನಂಬಬೇಡಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮೂಲ್ಕಿ ಹತ್ತಿರ ಹಡಗು ಎಳೆಯುವ ಟಗ್ ಒಂದು ಬಂಡೆಗೆ ಸಿಕ್ಕಿ, ಅದರಲ್ಲಿದ್ದ 9 ಜನರನ್ನು ನೌಕಾಪಡೆ, ಕೋಸ್ಟ್ ಗಾರ್ಡಿನವರು ಕಾಪಾಡಿದರು. ಅದೇ ಬಿರುಗಾಳಿಗೆ ಮುಂಬೈ ಹೊರಗೆ ಪಿ-305 ಅನ್ನುವ ಬಾರ್ಜಿನ ಆಂಕರ್ ಕಿತ್ತು ಅದು ಮುಳುಗಿತು. 70ಕ್ಕೂ ಹೆಚ್ಚು ಜನ ಸತ್ತರು. ಅವರೆಲ್ಲ ಕೆಲಸಕ್ಕೆ ಹೋದವರು. ನಿಮ್ಮ ಬಾರ್ಜನ್ನು ಯಾವ ಮುನ್ಸೂಚನೆಗೆ, ಯಾವ ಜಾಗಕ್ಕೆ, ಎಷ್ಟು ಗಂಟೆ ಮೊದಲು ಎಳೆದು ತರಬೇಕು ಅನ್ನುವುದು ಬಿಸಿಲಿರುವಾಗಲೇ ತೀರ್ಮಾನ ಆಗಿರಬೇಕು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರ, ಗಾಳಿ, ದೂರದಿಂದ ಬರುವ ಉಬ್ಬಲೆಯ ಎಚ್ಚರಿಕೆ ಎಲ್ಲವನ್ನೂ ಪ್ರಕಟಿಸುತ್ತದೆ. ಬೆಳಿಗ್ಗೆ ಟೂಲ್‌ಬಾಕ್ಸ್ ಮೀಟಿಂಗಿಗೆ (ಕೆಲಸ ಶುರುವಾಗುವ ಮುಂಚಿನ ಸುರಕ್ಷತೆಯ ಮಾತುಕತೆ) ಮೊದಲು ಅದನ್ನು ನೋಡಿ. ಇಲ್ಲಿ ಗಾಳಿಯೇ ಇಲ್ಲದ ದಿನವೂ ದಕ್ಷಿಣದ ದೂರದ ಸಮುದ್ರದಲ್ಲಿ ಎದ್ದ ಅಲೆ ನಮ್ಮ ದಡಕ್ಕೆ ಬಂದು ಬಡಿಯಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಇದು ಜಾಸ್ತಿ.

ಪೈಲ್ ಹಾಕುವ ರಾತ್ರಿ

ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಸೂಪರ್‌ವೈಸರ್‌ನ ಬೆಲೆ ಗೊತ್ತಾಗುವುದು ಇಲ್ಲೇ.

ಬಾರ್ಜಿನಿಂದ ಅಥವಾ ಗ್ಯಾಂಟ್ರಿಯಿಂದ ಉಕ್ಕಿನ ಲೈನರ್, ಅಂದರೆ ಗುಂಡಿಯ ಗೋಡೆ ಹಿಡಿದು ನಿಲ್ಲಿಸುವ ಕೊಳವೆ, ಇಳಿಸುತ್ತಾರೆ. ಅದು ನೇರವಾಗಿದೆಯಾ, ಸರಿಯಾದ ಜಾಗದಲ್ಲಿದೆಯಾ ಅಂತ ಎರಡು ದಿಕ್ಕಿನಿಂದ ನೋಡಿ. ಇಳಿದ ಮೇಲೆ ಅದನ್ನು ಸರಿಮಾಡಲು ಆಗುವುದಿಲ್ಲ. ಆಮೇಲೆ ಒಳಗೆ ಕೊರೆತ. ನಮ್ಮ ಕರಾವಳಿಯಲ್ಲಿ ಮರಳು, ಕೆಸರು, ಜಂಬಿಟ್ಟಿಗೆಯ ಪದರ, ಕೆಳಗೆ ಸವೆದ ಬಂಡೆ, ಅದರ ಕೆಳಗೆ ಗಟ್ಟಿ ಬಂಡೆ ಸಿಗುತ್ತವೆ. ತೊಂದರೆ ಬರುವುದು ಸವೆದ ಬಂಡೆಯಲ್ಲಿ. ಒಂಟಿ ಗುಂಡುಕಲ್ಲು ತಾಗಿದರೂ ರಿಗ್ಗಿನವರು ಬಂಡೆ ಬಂತು ಅನ್ನುತ್ತಾರೆ. ನೀವು ಅರ್ಧ ಗಂಟೆಗೆ ಎಷ್ಟು ಸೆಂಟಿಮೀಟರ್ ಇಳಿಯಿತು ಅಂತ ಬರೆಯುತ್ತಾ ಹೋಗಿ. ಮೇಲೆ ಬಂದ ಚೂರುಗಳನ್ನು ಆಳ ಬರೆದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಮಣ್ಣು ಪರೀಕ್ಷೆಗೆ ಮೊದಲೇ ಕೊರೆದ ಪಕ್ಕದ ಬೋರ್‌ಹೋಲಿನ ವರದಿಯ ಜೊತೆ ಹೋಲಿಸಿ. ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಕೊರೆತ ನಿಲ್ಲಿಸಲು ಒಪ್ಪಿ.

ಕಬ್ಬಿಣದ ಕೇಜ್ (ಸರಳುಗಳ ಪಂಜರ) ಇಳಿಸಿದ ಮೇಲೆ ತಳ ಮತ್ತೆ ತೊಳೆಯಬೇಕು. ಕೇಜ್ ಇಳಿಯುವಾಗ ಗೋಡೆಯ ಮಣ್ಣು ಕೆರೆದು ಕೆಳಗೆ ಬಿದ್ದಿರುತ್ತದೆ. ತುದಿಗೆ ಭಾರ ಕಟ್ಟಿದ ಸೌಂಡಿಂಗ್ (ಆಳ ಅಳೆಯುವ) ಹಗ್ಗ ಇಳಿಸಿ ನೀವೇ ಅಳೆಯಿರಿ. ಕೊರೆತ ಮುಗಿದಾಗ ಬರೆದ ಆಳವೂ ಈಗಿನ ಆಳವೂ ಒಂದೇ ಬರಬೇಕು. ಹಗ್ಗದ ಗುರುತನ್ನು ಆಗಾಗ ಟೇಪಿಗೆ ಹಿಡಿದು ನೋಡಿ, ಒದ್ದೆಯಾದ ಹಗ್ಗ ಉದ್ದ ಬದಲಿಸುತ್ತದೆ.

ಇನ್ನು ಕಾಂಕ್ರೀಟ್. ನೀರಿನ ಕೆಳಗೆ ಕಾಂಕ್ರೀಟ್ ಹಾಕುವ ಟ್ರೆಮಿ ಪೈಪು ತಳದವರೆಗೆ ಇಳಿಯುತ್ತದೆ. ಕಾಂಕ್ರೀಟ್ ಕೆಳಗಿನಿಂದ ಮೇಲಕ್ಕೆ ಏರುತ್ತಾ ನೀರನ್ನು ಹೊರಗೆ ತಳ್ಳಬೇಕು. ಪೈಪಿನ ಜೋಡಣೆ ಎಲ್ಲೂ ಸೋರಬಾರದು. ಮೊದಲ ಹಾಪರಿನ ಕಾಂಕ್ರೀಟ್ ಒಂದೇ ಸಲ ಇಳಿದು ಪೈಪಿನ ತುದಿಯನ್ನು ಮುಚ್ಚಬೇಕು. ಅಲ್ಲಿಂದ ಮುಂದೆ ತುದಿ ಕಡಿಮೆಯೆಂದರೂ 2 ಮೀಟರ್ ಕಾಂಕ್ರೀಟಿನೊಳಗೇ ಇರಬೇಕು. ಪೈಪು ಹೊರಗೆ ಬಂತೋ, ಪೈಲಿನ ನಡುವೆ ಮಣ್ಣುನೀರಿನ ಪದರ ಕೂತಿತು.

ಪ್ರತಿ ಮಿಕ್ಸರ್ ಲಾರಿ ಖಾಲಿಯಾದ ಮೇಲೆ ಸೌಂಡಿಂಗ್ ಹಾಕಿ. ಒಂದು ಮೀಟರ್ ವ್ಯಾಸದ ಪೈಲಿನಲ್ಲಿ 6 ಘನ ಮೀಟರ್ ಕಾಂಕ್ರೀಟ್ ಹಾಕಿದರೆ ಲೆಕ್ಕದ ಪ್ರಕಾರ ಸುಮಾರು 7.6 ಮೀಟರ್ ಏರಬೇಕು. ಅದಕ್ಕಿಂತ ಕಡಿಮೆ ಏರಿದರೆ ಕಾಂಕ್ರೀಟ್ ಎಲ್ಲೋ ಪೊಟರೆಗೆ ಹೋಗುತ್ತಿದೆ. ಸ್ವಲ್ಪ ಕಡಿಮೆ ಬರುವುದು ಮಾಮೂಲು. ಜಾಸ್ತಿ ಏರಿದರೆ ಮಾತ್ರ ತಕ್ಷಣ ಎಚ್ಚರಾಗಿ. ಗೋಡೆ ಕುಸಿದು ಪೈಲ್ ಸಪೂರವಾಗಿರಬಹುದು. ಈ ಒಂದು ಅಳತೆಯನ್ನು ಬಿಡದೆ ಬರೆದಿಟ್ಟ ಸೈಟಿನಲ್ಲಿ ಆಮೇಲೆ ಪೈಲಿನೊಳಗೆ ದೋಷ ಇದೆಯಾ ಅಂತ ನೋಡುವ ಇಂಟೆಗ್ರಿಟಿ ಟೆಸ್ಟಿನ ವರದಿ ಬಂದಾಗ ಯಾರೂ ಊಹೆ ಮಾಡುವ ಪರಿಸ್ಥಿತಿ ಬರುವುದಿಲ್ಲ. ಈ ಅಳತೆಗಳನ್ನು ಬರೆಯುವ ಪೋರ್ ಕಾರ್ಡನ್ನು ಮರುದಿನ ಆಫೀಸಿನಲ್ಲಿ ಕೂತು ಬರೆಯಬೇಡಿ. ಅಲ್ಲೇ, ಒದ್ದೆ ಕೈಯಲ್ಲೇ ಬರೆಯಿರಿ.

ಉಪ್ಪಿನ ವಿರುದ್ಧ

ಸಮುದ್ರದ ಕಾಂಕ್ರೀಟ್ ಜಾಸ್ತಿ ಹಾಳಾಗುವುದು ಪೂರ್ತಿ ಮುಳುಗಿದ ಕಡೆಯಲ್ಲಿ ಅಲ್ಲ, ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಕಡೆಯಲ್ಲಿ. ಉಬ್ಬರವಿಳಿತದ ನಡುವಿನ ಭಾಗಕ್ಕೆ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಕನಿಷ್ಠ ಎಂ40 ದರ್ಜೆಯ ಕಾಂಕ್ರೀಟ್, 75 ಮಿಲಿಮೀಟರ್ ಕವರ್ (ಕಬ್ಬಿಣದ ಹೊರಗಿನ ಕಾಂಕ್ರೀಟಿನ ದಪ್ಪ) ಇರಬೇಕು, ನೀರು-ಸಿಮೆಂಟಿನ ಅನುಪಾತ 0.40ಕ್ಕಿಂತ ಮೇಲೆ ಹೋಗಬಾರದು ಅನ್ನುತ್ತದೆ. ಈ ಮೂರರಲ್ಲಿ ಸೈಟಿನಲ್ಲಿ ಕಳೆದುಹೋಗುವುದು ಕವರ್. ಕೇಜ್ ಒಂದು ಕಡೆ ವಾಲಿದರೆ 75 ಇದ್ದದ್ದು 30 ಆಗುತ್ತದೆ, ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಕಾಂಕ್ರೀಟಿಗೆ ಮೊದಲು ಕಬ್ಬಿಣವನ್ನು ಅಷ್ಟು ದೂರ ಹಿಡಿಯುವ ಕವರ್ ಬ್ಲಾಕ್‌ಗಳನ್ನು ಕೈಯಲ್ಲಿ ಮುಟ್ಟಿ ನೋಡಿ. ಬ್ಲಾಕ್ ಕೂಡ ಅದೇ ಗುಣಮಟ್ಟದ ಕಾಂಕ್ರೀಟಿನದ್ದೇ ಇರಲಿ.

ಕ್ಯೂರಿಂಗಿಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗಲು ಒದ್ದೆ ಇಡುವುದಕ್ಕೆ, ಸಿಹಿನೀರು ತರಿಸುವುದು ದೊಡ್ಡ ತಲೆನೋವು ಅನ್ನುವುದು ನಿಜ. ಕಾಲಬುಡದಲ್ಲೇ ಇಷ್ಟು ನೀರಿರುವಾಗ ಪಂಪ್ ಅಲ್ಲಿಗೇ ಇಳಿಸಿಬಿಡುವ ಮನಸ್ಸು ಆಗುತ್ತದೆ. ಇಳಿಸಬೇಡಿ. ಕಬ್ಬಿಣ ಇರುವ ಕಾಂಕ್ರೀಟಿಗೆ ಉಪ್ಪುನೀರು ಕಲಸಲೂ ಬೇಡ, ಕ್ಯೂರಿಂಗಿಗೂ ಬೇಡ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ಹಳೆ ಸೇತುವೆ ಬಿದ್ದಾಗ ಅದಕ್ಕೆ ಸುಮಾರು 40 ವರ್ಷ ಆಗಿತ್ತು. ಆವತ್ತಿನಿಂದ ನಮ್ಮೂರ ಜನ ಹೊಳೆಬಾಯಿಯ ಸೇತುವೆ ದಾಟುವಾಗ ಕೆಳಗೆ ಬಗ್ಗಿ ನೋಡುತ್ತಾರೆ. ಆ ಭಯಕ್ಕೆ ಉತ್ತರ ಕೊಡಬೇಕಾದವರು ನಾವು.

ಕಲ್ಲಿನ ಕೆಲಸ

ಬ್ರೇಕ್‌ವಾಟರಿನಲ್ಲಿ ಮೂರು ಪದರ: ಒಳಗೆ ಸಣ್ಣ ಕಲ್ಲಿನ ಕೋರ್, ಮೇಲೆ ಫಿಲ್ಟರ್, ಅದರ ಮೇಲೆ ದೊಡ್ಡ ಬಂಡೆ ಅಥವಾ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್. ಅಲೆಯ ಎತ್ತರ ಎರಡು ಪಟ್ಟಾದರೆ ಮೇಲಿನ ಕಲ್ಲಿನ ತೂಕ ಎಂಟು ಪಟ್ಟು ಬೇಕಾಗುತ್ತದೆ. ಹಾಗಾಗಿ "ಸ್ವಲ್ಪ ಸಣ್ಣ ಕಲ್ಲು, ನಡೆಯುತ್ತೆ ಸಾರ್" ಅಂದರೆ ನಡೆಯುವುದಿಲ್ಲ. ಕ್ವಾರಿಗೆ ನೀವೇ ಹೋಗಿ. ತೂಗಿದ ಕೆಲವು ಕಲ್ಲುಗಳಿಗೆ ಬಣ್ಣದಲ್ಲಿ ತೂಕ ಬರೆದು ಸೈಟಿನಲ್ಲಿ ಇಟ್ಟರೆ ಕ್ರೇನಿನವರಿಗೂ ಲಾರಿಯವರಿಗೂ ಕಣ್ಣಳತೆ ಕೂರುತ್ತದೆ.

ಕೋರ್ ಮುಂದೆ ಓಡಿ, ಮೇಲಿನ ಹೊದಿಕೆ ಹಿಂದೆ ಉಳಿಯಲು ಬಿಡಬಾರದು. ಕೋರ್ ಹಾಕುವುದು ಸುಲಭ, ಬಿಲ್ಲೂ ಬೇಗ ಆಗುತ್ತದೆ, ಅದಕ್ಕೇ ಎಲ್ಲರಿಗೂ ಅದರ ಮೇಲೆ ಆಸೆ. ಹೊದಿಕೆ ಇಲ್ಲದ ಕೋರನ್ನು ಮೊದಲ ಮಳೆಗಾಲವೇ ತಿಂದು ಹಾಕುತ್ತದೆ. ಮೇ ಮಧ್ಯದೊಳಗೆ ತುದಿಯನ್ನು ದೊಡ್ಡ ಕಲ್ಲಿನಿಂದ ಸುತ್ತಿ ಮುಚ್ಚಿ, ಮಳೆಗಾಲಕ್ಕೆ ಬಿಡಿ.

ಕ್ರೇನ್, ಜನ, ಬಲೆ

ಬಾರ್ಜಿನ ಮೇಲಿರುವ ಕ್ರೇನಿಗೆ ನೆಲದ ಮೇಲೆ ಎಷ್ಟು ಭಾರ ಎತ್ತಬಹುದು ಅನ್ನುವ ಲೋಡ್ ಚಾರ್ಟ್ ಹೊಂದುವುದಿಲ್ಲ. ಭಾರ ಎತ್ತಿದಾಗ ಬಾರ್ಜ್ ವಾಲುತ್ತದೆ, ಬೂಮ್ (ಕ್ರೇನಿನ ತೋಳು) ಇನ್ನೂ ಹೊರಗೆ ಹೋಗುತ್ತದೆ, ಎತ್ತುವ ಶಕ್ತಿ ಕಡಿಮೆಯಾಗುತ್ತದೆ. ಬಾರ್ಜಿಗೆಂದೇ ತಯಾರಿಸಿದ ಚಾರ್ಟ್ ತೋರಿಸದೆ ಎತ್ತಲು ಬಿಡಬೇಡಿ. ಲೈಫ್ ಜಾಕೆಟ್ ಇಲ್ಲದವರು ದೋಣಿ ಹತ್ತುವುದು ಬೇಡ, ಅವರು ಮ್ಯಾನೇಜರ್ ಆದರೂ ಸರಿ. ಹೋಗುವಾಗ ತಲೆ ಎಣಿಸಿ, ಬರುವಾಗಲೂ ಎಣಿಸಿ.

ದೋಣಿ ನಡೆಸುವವರು ಸಾಮಾನ್ಯವಾಗಿ ಆ ಊರಿನ ಮೀನುಗಾರರೇ. ಹಿರಿಯರು "ಇವತ್ತು ಬೇಡ" ಅಂದರೆ ಕಾರಣ ಕೇಳಿ, ವಾದ ಮಾಡಬೇಡಿ. ಹೊನ್ನಾವರದ ಕಾಸರಕೋಡಿನಲ್ಲಿ, ಅಂಕೋಲೆಯ ಕೇಣಿಯಲ್ಲಿ ಬಂದರು ಬೇಡ ಅಂತ ಜನ ಬೀದಿಗೆ ಇಳಿದದ್ದು ನಿಮಗೆ ಗೊತ್ತಿರಬಹುದು. ಯೋಜನೆ ಬೇಕೋ ಬೇಡವೋ ಅನ್ನುವುದು ಸೂಪರ್‌ವೈಸರ್ ಕೈಯಲ್ಲಿಲ್ಲ. ಆದರೆ ಆಂಕರಿನ ತಂತಿಗೆ ಬೋಯೆ (ತೇಲುವ ಗುರುತು) ಕಟ್ಟುವುದು, ರಾತ್ರಿ ಅದಕ್ಕೆ ದೀಪ ಹಾಕುವುದು, ಬಲೆ ಹರಿದರೆ ಅದೇ ದಿನ ಬರೆದುಕೊಂಡು ಪರಿಹಾರ ಕೊಡಿಸುವುದು ನಿಮ್ಮ ಕೈಯಲ್ಲೇ ಇದೆ. ಅವರ ಅನ್ನ ಆ ನೀರಿನಲ್ಲೇ ಇದೆ, ಅಲ್ವಾ?

ಮುಂದಿನ ದಾರಿ

ಮೊದಲ ಎರಡು ಮೂರು ವರ್ಷ ಪೈಲಿಂಗ್, ಸರ್ವೆ, ಕ್ವಾಲಿಟಿ ಮೂರರಲ್ಲೂ ಕೈ ಆಡಿಸಿ. ಬೇಗ ಸೆಕ್ಷನ್ ಇನ್‌ಚಾರ್ಜ್ ಮಾಡುತ್ತೇವೆ ಅಂತ ಒಂದೇ ಕಡೆ ಕೂರಿಸಿದರೆ ಆಸೆ ಪಡಬೇಡಿ. ಎಲ್ ಅಂಡ್ ಟಿ, ಆಫ್ಕಾನ್ಸ್ ಥರದ ದೊಡ್ಡ ಕಂಪನಿಗಳಲ್ಲಿ ಪದ್ಧತಿ ಕಲಿಯಬಹುದು. ಸಣ್ಣ ಗುತ್ತಿಗೆದಾರರ ಹತ್ತಿರ ಎಲ್ಲ ಕೆಲಸವೂ ನಿಮ್ಮ ತಲೆಗೇ ಬರುತ್ತದೆ, ಬೇಗ ಕಲಿಯುತ್ತೀರಿ. ಗಲ್ಫಿಗೆ ಹೋಗುವ ಯೋಚನೆ ಇದ್ದರೆ ಸುರಕ್ಷತೆಯ ನೆಬೋಶ್ ಸರ್ಟಿಫಿಕೇಟ್ ಉಪಯೋಗಕ್ಕೆ ಬರುತ್ತದೆ. ಉಪ್ಪುನೀರಿನ ಹೊರಗೂ ಈ ಅನುಭವಕ್ಕೆ ಬೆಲೆ ಇದೆ. 2025ರ ಜುಲೈನಲ್ಲಿ ಉದ್ಘಾಟನೆಯಾದ ಸಿಗಂದೂರು ಸೇತುವೆ ಶರಾವತಿ ಹಿನ್ನೀರಿನಲ್ಲಿ ನಿಂತಿದೆ. ಅಲ್ಲಿ ಉಬ್ಬರವಿಳಿತ ಇಲ್ಲ, ಅದರ ಬದಲು ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟ ನೋಡಿ ಕೆಲಸ ಹೊಂದಿಸಬೇಕು.

ಕೆಲಸ ಹುಡುಕುವುದಾದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಹುಡುಕಿ. ಮಳೆ ನಿಂತ ಕೂಡಲೇ ಶುರು ಮಾಡಲು ಕಂಪನಿಗಳು ಜನರನ್ನು ಸೇರಿಸಿಕೊಳ್ಳುವುದು ಆಗಲೇ. ಇಂಟರ್‌ವ್ಯೂನಲ್ಲಿ ಟ್ರೆಮಿ, ಡೇಟಮ್, ಕವರ್ ಬಗ್ಗೆ ಕೇಳೇ ಕೇಳುತ್ತಾರೆ. ಸಾಧ್ಯವಾದರೆ ಹೋಗುವ ಮೊದಲು ಹತ್ತಿರದ ಸೈಟಿನಲ್ಲಿ ಅನುಮತಿ ಕೇಳಿ ಒಂದು ಪೈಲಿನ ಕಾಂಕ್ರೀಟನ್ನು ಶುರುವಿನಿಂದ ಕೊನೆಯವರೆಗೆ ನಿಂತು ನೋಡಿ, ಪೋರ್ ಕಾರ್ಡ್ ನೀವೇ ಒಂದು ಹಾಳೆಯಲ್ಲಿ ಬರೆದು, ಅಲ್ಲಿನ ಎಂಜಿನಿಯರ್ ಬರೆದದ್ದರ ಜೊತೆ ಹೋಲಿಸಿಕೊಳ್ಳಿ.